ಮೂರು ತಂತಿ ಕೂಡುವ ಜಾಗ

ನಮ್ಮ ಊರಿನಲ್ಲಿ ವರ್ಷಕ್ಕೆ ನಲವತ್ತು ದಿನ ಯಾರೂ ಹೊಸಿಲು ದಾಟುವುದಿಲ್ಲ. ಚಳಿ ಮುಗಿಯುವ ಹೊತ್ತಿಗೆ ಮಂಜು ಇಳಿಯುತ್ತದೆ. ಅದರೊಳಗೆ ಕಾಲಿಟ್ಟವರಿಗೆ ತಮ್ಮ ಮನೆ ಯಾವುದೆಂಬುದೇ ಮರೆತುಹೋಗುತ್ತದೆ. ಮೊದಲು ಕಂಡ ಬಾಗಿಲನ್ನು ತಮ್ಮದೇ ಎಂದುಕೊಂಡು ಒಳಗೆ ಹೋಗಿ ಕೂತುಬಿಡುತ್ತಾರೆ. ಒಮ್ಮೆ ಔಷಧಿ ಅಂಗಡಿಯ ಕಲ್ಲಪ್ಪ, ಅಂಗಳದಲ್ಲಿ ಬಿದ್ದ ಟವೆಲು ತರಲು ಇಳಿದವನು, ನೇಕಾರರ ಮನೆಗೆ ಹೋಗಿ ಅಲ್ಲಿನ ಮುದುಕಿಯನ್ನು ಅವ್ವ ಎಂದು ಕರೆದು ಇಪ್ಪತ್ತಾರು ದಿನ ಇದ್ದ. ಅವರೂ ಉಣ್ಣಲಿಟ್ಟರು, ಹಾಸಿಗೆ ಕೊಟ್ಟರು. ಮಂಜು ಎದ್ದ ದಿನ ಅವನು ತನ್ನ ಮನೆಗೆ ಹೋದನಾದರೂ ಆ ಮುದುಕಿ ಇರುವವರೆಗೆ ಹಬ್ಬಕ್ಕೊಂದು ಸೀರೆ ಕೊಡುತ್ತಿದ್ದ. ಊರಿನಲ್ಲಿ ಇದನ್ನು ಯಾರೂ ನಗುವ ವಿಷಯ ಮಾಡಲಿಲ್ಲ. ಆ ದಿನಗಳಲ್ಲಿ ಪ್ರತಿ ಮನೆಯಲ್ಲೂ ಒಂದು ತಟ್ಟೆ ಹೆಚ್ಚಿಗೆ ತೊಳೆದಿಟ್ಟಿರುತ್ತಾರೆ, ಅಷ್ಟೆ.

ಆ ನಲವತ್ತು ದಿನ ಊರನ್ನು ಕೂಡಿಸಿಡುವುದು ರೈಲು. ಆಟಿಕೆಯಷ್ಟು ರೈಲು. ಎಂಜಿನ್ನು ಒಂದು ಗೇಣು ಉದ್ದ, ಹಿಂದೆ ಆರು ಬೋಗಿ. ಶಾಲೆಯಿಂದ ಹೊರಟು, ಗೋಡೆಯ ಕಿಂಡಿಗಳನ್ನೂ ಓಣಿಯ ಅಡಿಯ ಕಲ್ಲಿನ ಕಾಲುವೆಗಳನ್ನೂ ಹಾದು, ಅರವತ್ತನಾಲ್ಕು ಮನೆಗಳ ಒಳಗೆ ಸುತ್ತಿ, ಅದೇ ಹಳಿಯ ಮೇಲೆ ಹಿಂದಕ್ಕೆ ಬರುತ್ತದೆ. ಉಪ್ಪು, ಗುಳಿಗೆ, ಹೆಪ್ಪಿಗೆ ಮಜ್ಜಿಗೆ, ಚೀಟಿಗಳು, ಒಮ್ಮೊಮ್ಮೆ ಕೋಳಿಮರಿ ಅದರಲ್ಲಿ ಪ್ರಯಾಣ ಮಾಡುತ್ತವೆ. ಪ್ರತಿ ಮನೆಯವರೂ ಹಳಿಯ ಪಕ್ಕದಲ್ಲಿ ತಮ್ಮದೊಂದು ಪುಟ್ಟ ನಿಲ್ದಾಣ ಕಟ್ಟಿಕೊಂಡಿದ್ದಾರೆ. ಕೆಲವರದು ಬೆಂಕಿಪೊಟ್ಟಣದ್ದು, ಕೆಲವರದು ತೇಗದ್ದು. ಶಾಲೆಯಲ್ಲಿ ದಾಕ್ಷಾಯಣಿಬಾಯಿ ಕೂತು ದಿನಕ್ಕೆ ಎರಡು ಸಲ ರೈಲು ಬಿಡುತ್ತಾರೆ. ಅವರೇ ಊರಿನ ಸಭೆಯ ಹಿರಿಯರು.

ಹಳಿಗೆ ಕರೆಂಟು ಕೊಡುವ ಎರಡು ದಪ್ಪ ತಂತಿಗಳು ಹಳಿಯ ಕೆಳಗೇ ಮನೆಯಿಂದ ಮನೆಗೆ ಹೋಗುತ್ತವೆ. ಹಿಂದಿನ ಮನೆಯಿಂದ ಬಂದ ದಪ್ಪ ತಂತಿ, ಮುಂದಿನ ಮನೆಗೆ ಹೋಗುವ ದಪ್ಪ ತಂತಿ, ಇಲ್ಲಿನ ಹಳಿಗೆ ಏರುವ ಸಣ್ಣ ತಂತಿ, ಈ ಮೂರೂ ಒಂದು ಕಡೆ ಕೂಡಬೇಕು. ಅಂಥ ಎರಡು ಜೋಡಣೆ ಪ್ರತಿ ಮನೆಯಲ್ಲಿ. ಹನ್ನೆರಡು ವೋಲ್ಟಿನ ಕರೆಂಟು. ಬರಿಗೈಯಲ್ಲಿ ಮುಟ್ಟಿದರೂ ಜುಮ್ಮೆನ್ನುವುದಿಲ್ಲ. ಅದಕ್ಕೇ ಜನ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆದರೆ ಮುಂದಿನ ಎಲ್ಲ ಮನೆಗಳ ಕರೆಂಟೂ ಆ ಒಂದು ಜಾಗ ದಾಟಿಯೇ ಹೋಗಬೇಕು. ಜೋಡಣೆ ಸಡಿಲಾಗಿದ್ದರೆ ಅಲ್ಲಿ ಬಿಸಿಯೇರುತ್ತದೆ. ಕೈಗೆ ಏನೂ ಮಾಡದ ಕರೆಂಟು ಹತ್ತಿಗೆ ಬೆಂಕಿ ಹಚ್ಚಬಲ್ಲದು.

ಹೋದ ವರ್ಷದ ಮಂಜಿನ ಹದಿನೇಳನೆಯ ದಿನ ರಹಮತಬಿಯ ಮನೆಯಲ್ಲಿ ಆದದ್ದು ಅದೇ. ಆಕೆಯದು ಐವತ್ತಮೂರನೆಯ ಮನೆ. ಒಬ್ಬಳೇ ಇರುತ್ತಾಳೆ, ಕೌದಿ ಹೊಲಿಯುತ್ತಾಳೆ. ಜೋಡಣೆಯ ಹತ್ತಿರ ಹತ್ತಿಯ ಚೀಲ ಒರಗಿಸಿಟ್ಟಿದ್ದಳು. ಹೊಗೆ ಕಂಡಾಗ ಬೆಂಕಿ ಚೀಲದ ಒಳಕ್ಕೆ ಇಳಿದಿತ್ತು. ಮಾಡಿನಿಂದ ಇಳಿಯುವ ಮಂಜಿನ ಹನಿ ಹಿಡಿಯುವ ಕೊಡ ಆ ಹೊತ್ತಿಗೆ ಖಾಲಿ; ಬಾವಿ ಅಂಗಳದಲ್ಲಿ. ಅಂಗಳಕ್ಕೆ ಇಳಿದರೆ ತಿರುಗಿ ಬರುವುದು ಈ ಮನೆಗೇ ಎಂಬ ಭರವಸೆ ಇಲ್ಲ. ಆಕೆ ಕೈಯಿಂದಲೇ ಚೀಲವನ್ನು ಅದುಮಿ ಅದುಮಿ ಆರಿಸಿದಳು. ಮನೆ ಉಳಿಯಿತು. ಬಲಗೈಯ ಮೂರು ಬೆರಳು ಸೆಟೆದುಕೊಂಡವು, ಮತ್ತೆ ಮಡಚಲು ಬರಲಿಲ್ಲ. ತಂತಿ ಸುಟ್ಟು ಹರಿದದ್ದರಿಂದ ಆಚೆಯ ಹನ್ನೊಂದು ಮನೆಗಳಿಗೆ ಉಳಿದ ಇಪ್ಪತ್ತಮೂರು ದಿನ ರೈಲು ಹೋಗಲಿಲ್ಲ.

ಮಂಜು ಎದ್ದ ಮೇಲೆ ಸಭೆ ಸೇರಿತು. ಊರಿನ ತಂತಿಯ ಕೆಲಸವನ್ನು ಮೂವತ್ತು ವರ್ಷದಿಂದ ಮಾಡುತ್ತಿದ್ದವರು ನಾಭಿರಾಜ ಮಾಸ್ತರು. ಯಾರೂ ಕೇಳುವ ಮೊದಲೇ ಅವರು ಎದ್ದು ನಿಂತು ತಪ್ಪು ತನ್ನದೆಂದರು. ಜನ ಕೂಗಾಡಲಿಲ್ಲ. ವಯಸ್ಸಾಯಿತು, ವಿಶ್ರಾಂತಿ ತೆಗೆದುಕೊಳ್ಳಿ ಎಂದರು. ಕೂಗಾಡಿದ್ದರೇ ಚೆನ್ನಾಗಿತ್ತೇನೋ. ಕೆಲಸವನ್ನು ನನಗೆ ಒಪ್ಪಿಸಿದರು. ರೇಡಿಯೋ, ಫ್ಯಾನು ರಿಪೇರಿ ಮಾಡುತ್ತ ಎಂಟು ವರ್ಷ ಮಾಸ್ತರ ಕೈಕೆಳಗೆ ದುಡಿದವನು ನಾನು, ಬಾಳಪ್ಪ. ಹಳೆಯ ಜೋಡಣೆಗಳನ್ನೆಲ್ಲ ಕಿತ್ತು, ಭದ್ರವಾದ ಹೊಸ ಬಗೆ ಯಾವುದೆಂದು ಆರಿಸಿ ಹಾಕಬೇಕೆಂದು ತೀರ್ಮಾನವಾಯಿತು. ನಾನು ತಲೆಯಾಡಿಸಿದೆ.

ಸುಟ್ಟ ಆ ಜೋಡಣೆ ನನ್ನದು. ಆ ಓಣಿಯ ಕೆಲಸ ನಾನೊಬ್ಬನೇ ಮಾಡಿದ್ದೆ. ರಹಮತಬಿಯ ಮನೆಗೆ ಬಂದಾಗ ಮಧ್ಯಾಹ್ನವಾಗಿತ್ತು, ಹೊಟ್ಟೆ ಹಸಿದಿತ್ತು. ಮೂರು ತಂತಿಯ ತುದಿಗಳನ್ನು ಕೂಡಿಸಿ ನಾಲ್ಕು ಸುತ್ತು ತಿರುವಿ, ಮೇಲೆ ಟೇಪು ಸುತ್ತಿದೆ. ದಪ್ಪ ತಂತಿಗೆ ಸಣ್ಣ ತಂತಿ ಹಿಡಿದುಕೊಂಡಿಲ್ಲ, ಸುಮ್ಮನೆ ತಬ್ಬಿಕೊಂಡಿದೆ ಎಂದು ಬೆರಳಿಗೆ ಗೊತ್ತಾಗಿತ್ತು. ಉಂಡು ಬಂದು ಸರಿಮಾಡುತ್ತೇನೆ ಎಂದುಕೊಂಡು ಎದ್ದೆ. ಉಂಡೆ. ಬರಲಿಲ್ಲ. ಇದು ಮಾಸ್ತರಿಗೂ ತಿಳಿದಿತ್ತು. ನಾನು ಎಡಗೈಯವನು, ನಾನು ಸುತ್ತಿದ ಟೇಪು ಎಡಕ್ಕೆ ತಿರುಗಿರುತ್ತದೆ. ಸುಟ್ಟ ತುಂಡನ್ನು ಅವರು ಆಕೆಯ ಮನೆಯಲ್ಲಿ ಎತ್ತಿಕೊಂಡು ನೋಡಿ ಜೇಬಿಗೆ ಹಾಕಿಕೊಂಡದ್ದನ್ನು ನಾನು ಬಾಗಿಲಲ್ಲಿ ನಿಂತು ಕಂಡಿದ್ದೆ.

ಮಳೆಗಾಲ ಕಳೆದ ಮೇಲೆ ತಂತಿಯ ಸಾಮಾನು ಮಾರುವ ವ್ಯಾಪಾರಿಯೊಬ್ಬ ಊರಿಗೆ ಬಂದ. ಅವನ ಹತ್ತಿರ ಇದ್ದ ಬಗೆಗಳನ್ನೆಲ್ಲ ಒಂದೊಂದು ತೆಗೆದುಕೊಂಡು ನಾನು ಮೇಜಿನ ಮೇಲೆ ಸಾಲಾಗಿ ಜೋಡಿಸಿದೆ. ಟೊಪ್ಪಿಗೆಯಂತೆ ತಿರುವಿ ಕೂರಿಸುವುದು ಒಂದು. ಒಂದೇ ದಪ್ಪದ ಗಟ್ಟಿ ತಂತಿಗಳಿಗೆ ಅದು ಸರಿ, ದಪ್ಪಕ್ಕೆ ಸಣ್ಣದನ್ನು ಕೂಡಿಸಿದರೆ ಸಣ್ಣದು ಜಾರಿ ಬರುತ್ತಿತ್ತು. ಹಲ್ಲಿನಂತೆ ತಂತಿಯ ಸಿಪ್ಪೆಯನ್ನೇ ಕಚ್ಚಿ ಒಳಗಿನ ತಾಮ್ರ ಮುಟ್ಟುವ ಕ್ಲಿಪ್ಪು ಇನ್ನೊಂದು. ಬಹಳ ಬೇಗ ಕೂರುತ್ತದೆ. ಆದರೆ ಬಿಚ್ಚಿ ನೋಡಿದಾಗ ಸಣ್ಣ ತಂತಿಯ ಎಳೆಗಳಲ್ಲಿ ಅರ್ಧ ತುಂಡಾಗಿದ್ದವು. ಸ್ಕ್ರೂ ಬಿಗಿಯುವ ಪಟ್ಟಿಯೂ ಇತ್ತು. ಮೊದಲ ದಿನ ಅದು ಗಟ್ಟಿಯಾಗಿ ಹಿಡಿದಿತ್ತು. ರೈಲು ಹೋದಾಗ ಆಗುವ ಅದುರಿಗೆ ಸ್ಕ್ರೂ ಸಡಿಲವಾಗುತ್ತದೆಯೇ ಎಂದು ನೋಡಲು ಹೊಲಿಗೆ ಯಂತ್ರಕ್ಕೆ ಕಟ್ಟಿ ಮೂರು ದಿನ ಓಡಿಸಿದೆ. ಸಡಿಲವಾಯಿತು. ಉಳಿದದ್ದು ಎರಡು. ಸೀಸ ಕರಗಿಸಿ ಹಾಕುವ ಬೆಸುಗೆ ಮತ್ತು ಮೂರು ತೂತಿನ ಒಂದು ಗಾಜಿನಂಥ ಪ್ಲಾಸ್ಟಿಕ್ ಡಬ್ಬಿ. ಡಬ್ಬಿಯ ಒಂದೊಂದು ತೂತಿಗೂ ಒಂದೊಂದು ಸಣ್ಣ ಹಿಡಿಕೆ. ಹಿಡಿಕೆ ಎತ್ತಿ, ಸಿಪ್ಪೆ ಸುಲಿದ ತಂತಿ ತೂರಿಸಿ, ಹಿಡಿಕೆ ಒತ್ತಿದರೆ ಒಳಗಿನ ಸ್ಪ್ರಿಂಗು ಕಚ್ಚಿಕೊಳ್ಳುತ್ತದೆ. ದಪ್ಪದ್ದು, ಸಣ್ಣದು ಬೇರೆ ಬೇರೆ ತೂತಿನಲ್ಲಿ ಕೂರುವುದರಿಂದ ಒಂದನ್ನೊಂದು ಕೆಡಿಸುವುದಿಲ್ಲ.

ಎಲ್ಲದರ ಮೇಲೂ ಚಿಟಿಕೆ ಬೆಣ್ಣೆ ಇಟ್ಟು, ಹಳಿಗೆ ಬೇಕಾದುದರ ಎರಡು ಪಟ್ಟು ಕರೆಂಟು ಬಿಟ್ಟು, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕಾಯುತ್ತ ಕೂತೆ. ಟೇಪಿನ ಜೋಡಣೆಯ ಮೇಲಿನ ಬೆಣ್ಣೆ ಮೊದಲು ಕರಗಿತು. ಆಮೇಲೆ ಹಲ್ಲಿನ ಕ್ಲಿಪ್ಪಿನದು, ಟೊಪ್ಪಿಗೆಯದು, ಸ್ಕ್ರೂವಿನದು. ಬೆಸುಗೆಯ ಮೇಲಿನದೂ ಡಬ್ಬಿಯ ಮೇಲಿನದೂ ಹಾಗೇ ಇದ್ದವು. ಬೆಸುಗೆಯನ್ನೇ ಹಾಕುತ್ತೇನೆ ಎಂದು ನಿರ್ಧರಿಸಿದೆ. ಬೆಸುಗೆ ನನ್ನ ಕೈಯ ಕೆಲಸ. ಡಬ್ಬಿಯನ್ನು ಯಾರು ಬೇಕಾದರೂ ಹಾಕಬಹುದು. ಊರಿಗೆ ನನ್ನ ಕೈಯಿಂದ ನೂರ ಇಪ್ಪತ್ತೆಂಟು ಒಳ್ಳೆಯ ಜೋಡಣೆ ಕೊಟ್ಟರೆ ಆ ಒಂದು ಕೆಟ್ಟದ್ದು ಸರಿಹೋಗುತ್ತದೆ ಎಂಬ ಆಸೆಯೂ ಇತ್ತು.

ಅಂದು ಮಾಸ್ತರು ನನ್ನ ಮನೆಗೆ ಬಂದಿದ್ದರು. ಕೆಲಸ ಹೋದ ಮೇಲೆ ಅವರು ಹೊರಗೆ ಬರುವುದೇ ಕಡಿಮೆಯಾಗಿತ್ತು. ಬೆಣ್ಣೆಯ ಸಾಲು ನೋಡಿ ಖುಷಿಪಟ್ಟರು, ಬೆರಳಿಂದ ಒಂದಿಷ್ಟು ತೆಗೆದು ನೆಕ್ಕಿದರು. ನಾನು ತಡೆಯಲಾರದೆ, ಸಭೆಯಲ್ಲಿ ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ.

"ಸುತ್ತಿದವ ನೀನು ಖರೆ," ಎಂದರು. "ಸರಿ ಐತಿ ಅಂತ ಬರಕೊಂಡವ ನಾನು. ನಾ ಒಳಗ ಹೋಗಿ ನೋಡೇ ಇರಲಿಲ್ಲ, ಹೊಸಿಲದಾಗ ನಿಂತು ಬರಕೊಂಡು ಬಂದಿದ್ದೆ. ನಾ ಏನೂ ಸುಳ್ಳು ಹೇಳಿಲ್ಲ ಬಾಳಪ್ಪ."

"ಹಂಗಾರ ನನ್ನ ತಪ್ಪು?"

"ನಿಂದು ನೀ ಹೇಳಬೇಕು. ನಾ ಹೇಳಿದ್ರ ಅದು ಚಾಡಿ ಆಗತೈತಿ."

ಮಾರನೆಯ ದಿನ ಬೆಸುಗೆಯ ಸಾಮಾನು ತೆಗೆದುಕೊಂಡು ರಹಮತಬಿಯ ಮನೆಗೆ ಹೋದೆ. ಮೊದಲ ಜೋಡಣೆ ಅಲ್ಲೇ ಹಾಕಬೇಕು, ಹಾಕುವ ಮೊದಲು ಹೇಳಬೇಕು ಎಂದು ದಾರಿಯುದ್ದಕ್ಕೂ ಮಾತು ಕೂಡಿಸಿಕೊಂಡಿದ್ದೆ. ಆಕೆ ಬಾಗಿಲಿನ ಬೆಳಕಿನಲ್ಲಿ ಕೂತು, ಎಡಗೈಯಿಂದ ಹಳೆಯ ಬಟ್ಟೆಗಳನ್ನು ಬಣ್ಣದ ಪ್ರಕಾರ ಬೇರೆ ಮಾಡುತ್ತಿದ್ದಳು. ಕೂಡಿಸಿಕೊಂಡ ಮಾತು ಒಂದೂ ನೆನಪಾಗಲಿಲ್ಲ. ಆ ಜೋಡಣೆ ನಾನು ಹಾಕಿದ್ದು, ಹಸಿವಾಗಿತ್ತು, ಊಟಕ್ಕೆ ಹೋದೆ, ತಿರುಗಿ ಬರಲಿಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆಕೆಯ ಕೈ ಬಟ್ಟೆಯ ಮೇಲೆ ನಿಂತಿತು.

"ಅವತ್ತ ಊಟ ಬಿಸಿ ಇತ್ತೇನು?" ಎಂದಳು.

ಇತ್ತು ಎಂದೆ.

ಆಕೆ ಬಟ್ಟೆಗಳನ್ನು ಪಕ್ಕಕ್ಕೆ ಸರಿಸಿದಳು. ನನ್ನ ಚೀಲದಲ್ಲಿ ಏನಿದೆ ಎಂದು ಕೇಳಿದಳು. ಬೆಸುಗೆಯ ಕಡ್ಡಿ, ಸೀಸದ ತಂತಿ ತೋರಿಸಿ, ಇದನ್ನು ಹಾಕಿದರೆ ಇನ್ನು ನೂರು ವರ್ಷ ಬಿಡುವುದಿಲ್ಲ ಎಂದೆ. ಆಕೆ ನಕ್ಕಳು, ಒಳ್ಳೆಯ ನಗೆಯಲ್ಲ.

"ನೀ ಬೆಸುಗಿ ಹಾಕಿ ಹೋಗತಿ. ಆಮ್ಯಾಲ ಮಂಜು ಬೀಳತೈತಿ. ಮತ್ತ ಹೊಗಿ ಬಂದ್ರ ನಾ ಏನ್ ಮಾಡ್ಲಿ? ನಿನ್ನ ಕರಿಯಾಕ ಬರಲೇನು? ಬಂದ್ರೂ ನಿನ್ನ ಮನಿ ನನಗ ಸಿಗತೈತೇನು?"

ಯಾವುದು ಹೆಚ್ಚು ದಿನ ಹಿಡಿಯುತ್ತದೆ ಎಂದು ಮೇಜಿನ ಮೇಲೆ ನೋಡಿದ್ದೆನೇ ಹೊರತು, ಕೆಟ್ಟಾಗ ಯಾರು ಬಿಚ್ಚಬೇಕು ಎಂದು ನೋಡಿರಲಿಲ್ಲ. ಆಕೆ ಉಳಿದ ಬಗೆಗಳನ್ನೂ ತರಲು ಹೇಳಿದಳು. ತಂದು ಚಾಪೆಯ ಮೇಲೆ ಹರವಿದೆ. ಒಂದೊಂದನ್ನೂ ಆಕೆ ಬಲಗೈಗೇ ತೆಗೆದುಕೊಂಡಳು, ಎಡಗೈ ಮುಟ್ಟಿಸಲಿಲ್ಲ. ಸ್ಕ್ರೂ ತಿರುಗಿಸಲು ಹೋಗಿ ಕೈ ಜಾರಿತು. ಟೊಪ್ಪಿಗೆ ಬೆರಳಲ್ಲಿ ನಿಲ್ಲಲಿಲ್ಲ. ಹಲ್ಲಿನ ಕ್ಲಿಪ್ಪಿಗೆ ಇಕ್ಕಳ ಬೇಕು, ಅದನ್ನು ಹಿಡಿಯಲಾಗಲಿಲ್ಲ. ಕೊನೆಗೆ ಹಿಡಿಕೆಯ ಡಬ್ಬಿ. ಅದನ್ನು ಚಾಪೆಗೆ ಒತ್ತಿಟ್ಟು ಹೆಬ್ಬೆರಳಿನಿಂದ ಹಿಡಿಕೆ ಎತ್ತಿದಳು. ಟಕ್ ಎಂದಿತು. ತಂತಿ ತೂರಿಸಿ ಅಂಗೈಯ ಬುಡದಿಂದ ಒತ್ತಿದಳು. ಮತ್ತೆ ಟಕ್ ಎಂದಿತು. ಡಬ್ಬಿಯನ್ನು ಎತ್ತಿ ಬೆಳಕಿಗೆ ಹಿಡಿದು ಒಳಗಿನ ತಾಮ್ರವನ್ನು ನೋಡಿದಳು.

"ಇದನ್ನ ಇಟ್ಟು ಹೋಗು," ಎಂದಳು. "ನನ್ನ ಮನಿಗೆ ನೀ ಹಾಕೂದು ಬ್ಯಾಡ. ನಾನ ಹಾಕ್ಕೋತೀನಿ."

ಆ ವಾರವೇ ಸಭೆಯಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಮಾಸ್ತರು ತಲೆ ತಗ್ಗಿಸಿ ಕೂತಿದ್ದರು. ದಾಕ್ಷಾಯಣಿಬಾಯಿ, ಏಳು ತಿಂಗಳು ಯಾಕೆ ಬೇಕಾಯಿತು ಎಂದು ಮಾತ್ರ ಕೇಳಿದರು. ಹೆದರಿಕೆ ಎಂದೆ. ಹನ್ನೊಂದು ಮನೆಗಳ ಪೈಕಿ ಒಬ್ಬರು, ಇವನು ಇನ್ನು ತಂತಿ ಮುಟ್ಟಕೂಡದು ಎಂದರು. ಹಲವರು ಹೌದೆಂದರು. ಅದು ನ್ಯಾಯವೇ ಆಗಿತ್ತು. ಆಗ ರಹಮತಬಿ ತನ್ನ ಮನೆಯಲ್ಲಿ ಹೇಳಿದ್ದನ್ನೇ ಇಲ್ಲೂ ಹೇಳಿದಳು. ನನ್ನ ಪರವಾಗಿ ಒಂದು ಮಾತೂ ಆಡಲಿಲ್ಲ. ಡಬ್ಬಿಯನ್ನು ಕೈಯಿಂದ ಕೈಗೆ ದಾಟಿಸಿದಳು. ತೊಂಬತ್ತರ ಅಜ್ಜಿಯೊಬ್ಬಳು ಹಿಡಿಕೆ ಎತ್ತಿ ಒತ್ತಿ ನೋಡಿ, ಇದು ಸುಣ್ಣದ ಡಬ್ಬಿಗಿಂತ ಸಲೀಸು ಎಂದಳು. ಕೊನೆಗೆ ಆದ ತೀರ್ಮಾನ ಇಷ್ಟು: ಪ್ರತಿ ಮನೆಯ ಜೋಡಣೆಯನ್ನು ಆ ಮನೆಯವರೇ ಹಾಕಬೇಕು, ಮನೆಯಲ್ಲಿ ಕೈಯ ಬಲ ಎಲ್ಲರಿಗಿಂತ ಕಡಿಮೆ ಯಾರಿಗಿದೆಯೋ ಅವರಿಗೂ ಬಿಚ್ಚಿ ಹಾಕಲು ಬರಬೇಕು. ಹೇಳಿಕೊಡುವುದು ನನ್ನ ಕೆಲಸ, ನಾನು ಕೈಹಚ್ಚಕೂಡದು. ಪ್ರತಿಯೊಂದು ತಂತಿಯನ್ನು ಎಳೆದು ನೋಡುವುದು ಮಾಸ್ತರ ಕೆಲಸ.

ಮೂರು ತಿಂಗಳು ನಾನು ಕೈಕಟ್ಟಿ ಕೂತು ಬಾಯಿಯಿಂದ ಕೆಲಸ ಮಾಡಿದೆ. ಸಿಪ್ಪೆಯನ್ನು ಹೆಬ್ಬೆರಳಿನ ಉಗುರಿನಷ್ಟು ಉದ್ದ ಸುಲಿಯಬೇಕು. ಹೆಚ್ಚು ಸುಲಿದರೆ ತಾಮ್ರ ಹೊರಗೆ ಉಳಿಯುತ್ತದೆ, ಕಡಿಮೆಯಾದರೆ ಸ್ಪ್ರಿಂಗು ಸಿಪ್ಪೆಯನ್ನೇ ಕಚ್ಚುತ್ತದೆ. ಎಳೆಗಳನ್ನು ಕತ್ತರಿಸಬಾರದು. ಜೋಡಣೆಯ ಸುತ್ತ ಒಂದು ಮೊಳ ಜಾಗದಲ್ಲಿ ಬಟ್ಟೆ, ಹತ್ತಿ, ಕಾಗದ ಇಡಬಾರದು. ಇದನ್ನೇ ಐವತ್ತು ಸಲ ಹೇಳಿದೆ. ಆಚೆಯ ಹನ್ನೊಂದು ಮನೆಗಳವರು ನನ್ನನ್ನು ಒಳಗೆ ಬಿಡಲಿಲ್ಲ, ಅಲ್ಲಿ ಮಾಸ್ತರೇ ಹೇಳಿಕೊಟ್ಟರು. ರಹಮತಬಿಯ ಮನೆಗೂ ಹೋಗಲಿಲ್ಲ. ಆಕೆಯೂ ಮಾಸ್ತರಿಂದಲೇ ಕಲಿತಳಂತೆ. ಎರಡನೆಯ ಸಲಕ್ಕೇ ಚೆನ್ನಾಗಿ ಬಂತು ಎಂದು ಅವರು ಹೇಳಿದರು.

ಮಂಜು ಇಳಿಯಿತು. ನನ್ನದು ಇಪ್ಪತ್ತನೆಯ ಮನೆ. ರೈಲು ಬೆಳಿಗ್ಗೆ ನನ್ನ ಅಡುಗೆಮನೆಯ ಕಿಂಡಿಯಿಂದ ಬಂದು ನಡುಮನೆಯಿಂದ ಹೊರಗೆ ಹೋಗುತ್ತದೆ, ಒಂದು ಗಂಟೆಯ ಮೇಲೆ ಹಿಂದಕ್ಕೆ ಬರುತ್ತದೆ. ಇಪ್ಪತ್ತೆರಡು ದಿನ ಹಾಗೇ ನಡೆಯಿತು. ಇಪ್ಪತ್ತಮೂರನೆಯ ದಿನ ಹೋದ ರೈಲು ಬರಲಿಲ್ಲ.

ಒಂದು ಗಂಟೆ ಕಾದೆ. ಎರಡಾಯಿತು. ಕಿಂಡಿಗೆ ಕಿವಿ ಹಚ್ಚಿದೆ, ಹಳಿಗೆ ಬೆರಳಿಟ್ಟು ಅದುರು ಇದೆಯೇ ನೋಡಿದೆ. ನನ್ನ ಮನೆಯಲ್ಲಿ ಕರೆಂಟಿತ್ತು. ಅಂದರೆ ಕೆಟ್ಟದ್ದು ಮುಂದೆ ಎಲ್ಲೋ. ಎಲ್ಲಿ ಎಂದು ನನಗೆ ನಾನೇ ಹೇಳಿಕೊಳ್ಳಲು ಇಷ್ಟವಿರಲಿಲ್ಲ. ಮಧ್ಯಾಹ್ನವಾಯಿತು. ಎರಡು ಸಲ ಬಾಗಿಲ ಅಗುಳಿಗೆ ಕೈಹಾಕಿದೆ. ಹೊರಟರೆ ನಾನು ಹೋಗುವುದು ಆಕೆಯ ಮನೆಗಲ್ಲ, ಮೊದಲು ಕಂಡ ಮನೆಗೆ. ಅಲ್ಲಿ ನೆಮ್ಮದಿಯಿಂದ ಕೂತು ಅದನ್ನೇ ನನ್ನದೆಂದುಕೊಳ್ಳುತ್ತೇನೆ, ಯಾಕೆ ಹೊರಟಿದ್ದೆ ಎಂಬುದೂ ಮರೆತಿರುತ್ತದೆ. ಅಗುಳಿ ಬಿಟ್ಟು ಕೂತೆ. ಆಕೆ ಈಗ ಏನು ಮಾಡುತ್ತಿರಬಹುದು, ಕೊಡದಲ್ಲಿ ನೀರಿದೆಯೋ ಇಲ್ಲವೋ, ಮತ್ತೆ ಬೆಂಕಿಗೆ ಕೈ ಹಾಕಿದಳೋ ಎಂದು ಯೋಚಿಸುತ್ತ ಕೂತಿದ್ದೆ. ಹೋದ ವರ್ಷ ಆಕೆಯ ಕೈ ಸುಡುವ ಹೊತ್ತಿನಲ್ಲಿ ನಾನು ನಿದ್ದೆ ಮಾಡುತ್ತಿದ್ದಿರಬೇಕು.

ಬಿಸಿಲಿಲ್ಲದ ಆ ದಿನದ ಬೆಳಕು ಇಳಿಯುವ ಹೊತ್ತಿಗೆ ಹಳಿ ಸಣ್ಣಗೆ ಸದ್ದು ಮಾಡಿತು. ರೈಲು ಬಂತು. ಮೊದಲ ಬೋಗಿಯಲ್ಲಿ ಒಂದು ಚೀಟಿ, ಅದರ ಮೇಲೆ ಭಾರಕ್ಕೆಂದು ಅಂಗಿಯ ಒಂದು ಗುಂಡಿ. ಎಡಗೈಯ ಬರಹ, ಅಕ್ಷರಗಳು ಒಂದರ ಮೇಲೊಂದು ಬಿದ್ದಿದ್ದವು. 'ತಂತಿ ಸಿಪ್ಪಿ ತುಸು ಉಳಿದಿತ್ತು, ಬಿಸಿ ಆಗಿ ವಾಸನಿ ಬಂತು. ಹಾಕಿದವಳು ನಾನ. ಬೇಗ ಮುಗಸಬೇಕಂತ ಹಂಗ ಬಿಟ್ಟಿದ್ದೆ. ಬಿಚ್ಚಿ ಮತ್ತ ಹಾಕೀನಿ. ಗಾಡಿ ಹನ್ನೊಂದು ಮನಿಗೂ ಹೋಗಿ ಬಂದೈತಿ. ಎಲ್ಲಾರೂ ಓದಿ ಮುಂದ ಕಳಸ್ರಿ.' ಮಾಸ್ತರು ಆ ತಂತಿಯನ್ನು ಎಳೆದು ನೋಡಿಯೇ ಇದ್ದರು. ಸ್ಪ್ರಿಂಗು ಸಿಪ್ಪೆಯನ್ನು ಕಚ್ಚಿದಾಗ ತಂತಿ ಎಳೆತಕ್ಕೆ ಗಟ್ಟಿಯಾಗೇ ಇರುತ್ತದೆ; ಕರೆಂಟು ಮಾತ್ರ ಸರಿಯಾಗಿ ದಾಟುವುದಿಲ್ಲ. ಕಣ್ಣಿಟ್ಟು ನೋಡಿದರೆ ಡಬ್ಬಿಯೊಳಗೆ ಕಾಣುತ್ತದೆ, ಅವರ ಕಣ್ಣಿಗೆ ಕಂಡಿರಲಿಲ್ಲ. ಚೀಟಿಯನ್ನು ಮತ್ತೆ ಬೋಗಿಯಲ್ಲಿಟ್ಟು ಗುಂಡಿ ಹೇರಿ ಕಳಿಸಿದೆ. ಆಮೇಲೆ ನನಗೆ ಅಳು ಬಂತು. ಮನೆಯಲ್ಲಿ ಯಾರೂ ಇರಲಿಲ್ಲ, ಅತ್ತೆ.

ಮಂಜು ಎದ್ದ ಮೇಲಿನ ಸಭೆಯಲ್ಲಿ ತಂತಿಯ ಕೆಲಸ ಯಾರಿಗೆ ಎಂದು ದಾಕ್ಷಾಯಣಿಬಾಯಿ ಕೇಳಿದಾಗ ಮಾಸ್ತರು ರಹಮತಬಿಯ ಕಡೆಗೆ ಕೈ ತೋರಿಸಿದರು. ಬೇರೆಯವರ ಹೆಸರು ಯಾರೂ ಎತ್ತಲಿಲ್ಲ. ಆಕೆ ಒಪ್ಪಿಕೊಂಡಳು. ನೆಲಕ್ಕೆ ಬಗ್ಗಲು ತನ್ನ ಮೊಣಕಾಲಿಂದ ಆಗುವುದಿಲ್ಲ, ಬಾಳಪ್ಪ ಜೊತೆಗೆ ಬರಲಿ ಎಂದಳು. ನನ್ನ ಮುಖ ನೋಡಿ ಹೇಳಲಿಲ್ಲ. ಸಭೆ ಒಪ್ಪಿತು, ನಾನು ಮತ್ತೆ ತಂತಿ ಮುಟ್ಟುವಂತಾಯಿತು.

ಮೊದಲ ದಿನ ಆಚೆಯ ಹನ್ನೊಂದು ಮನೆಗಳಿಂದಲೇ ಶುರುಮಾಡಿದೆವು. ಪ್ರತಿ ಜೋಡಣೆಯನ್ನು ಬಿಚ್ಚಿ, ಮನೆಯವರೆದುರಿಗೆ ಮತ್ತೆ ಹಾಕಿ, ಬೆಳಕಿಗೆ ಹಿಡಿದು ತೋರಿಸುವುದು. ಪ್ರತಿ ಬಾಗಿಲಲ್ಲೂ ರಹಮತಬಿ ಮೊದಲು ನನ್ನನ್ನು ಮುಂದಕ್ಕೆ ಬಿಟ್ಟು ಹೇಳುತ್ತಿದ್ದಳು: "ಇವ ಬಾಳಪ್ಪ. ನನ್ನ ಮನ್ಯಾಗ ಸುಟ್ಟದ್ದು ಇವ ಹಾಕಿದ್ದು. ಈ ವರ್ಷ ಗಾಡಿ ನಿಂತದ್ದು ನಾ ಹಾಕಿದ್ದು. ಇಬ್ಬರೂ ಬಂದೀವಿ, ನೀವೂ ಕೂತು ನೋಡ್ರಿ." ಮೊದಲ ಮನೆಯಲ್ಲಿ ನೆಲ ಬಾಯಿಬಿಡಬಾರದೇ ಅನಿಸಿತು. ನಾಲ್ಕನೆಯ ಮನೆಯಲ್ಲಿ ಒಬ್ಬ ಗಂಡಸು ನನಗೆ ಬೆನ್ನು ಹಾಕಿ ನಿಂತ. ಏಳನೆಯ ಮನೆಯಲ್ಲಿ ಚಹಾ ಕೊಟ್ಟರು.

ಹನ್ನೊಂದನೆಯದು ನೀಲವ್ವನ ಮನೆ, ಹಳಿಯ ಕೊನೆ. ಆಕೆ ಸಭೆಗೆ ಎಂದೂ ಬಂದವಳಲ್ಲ. ಹೋದ ವರ್ಷ ರೈಲು ನಿಂತ ಇಪ್ಪತ್ತಮೂರು ದಿನದಲ್ಲಿ ಕಣ್ಣಿಗೆ ಹಾಕುವ ಔಷಧಿ ತೀರಿ, ಎಡಗಣ್ಣಿನ ದೃಷ್ಟಿ ಹೋಗಿತ್ತು. ಅದು ನನಗೆ ಗೊತ್ತಾದದ್ದು ಆ ಬಾಗಿಲಲ್ಲಿ, ಆಕೆ ಮುಖವನ್ನು ಎಡಕ್ಕೆ ತಿರುಗಿಸಿ ನಮ್ಮನ್ನು ನೋಡಿದಾಗ. ನಾನು ರಹಮತಬಿಯ ಮಾತಿಗೆ ಕಾದೆ. ಆಕೆ ದಣಿದಿದ್ದಳೋ, ಬೇಕೆಂದೇ ಸುಮ್ಮನಾದಳೋ, ಕಟ್ಟೆಯ ಮೇಲೆ ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು.

"ನಾ ಬಾಳಪ್ಪ," ಎಂದೆ. "ಹ್ವಾದ ವರ್ಷ ನಿಮಗ ಗಾಡಿ ಬರದಂಗ ಆದದ್ದು ನನ್ನಿಂದ. ನಾ ಹಾಕಿದ್ದ ಜೋಡಣಿ ಸುಟ್ಟಿತ್ತು."

ನೀಲವ್ವ ಒಂದು ಹೆಜ್ಜೆ ಹತ್ತಿರ ಬಂದು, ಇದ್ದ ಒಂದು ಕಣ್ಣಿನಿಂದ ನನ್ನನ್ನು ಸಾವಕಾಶವಾಗಿ ನೋಡಿದಳು.

"ಗೊತ್ತೈತಿ," ಎಂದಳು. ಆಮೇಲೆ ಒಳಗೆ ತಿರುಗುತ್ತ, "ಕಿಟಕಿ ತೆಗಿತೀನಿ, ತಡಿ. ಕತ್ತಲಾಗ ಕೂತು ಮಾಡಬ್ಯಾಡ" ಎಂದಳು.